ಆಕಾಶ ನೆಲ ಮುಟ್ಟುವ ಜಾಗ

ಮಿಯಾಪುರದ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಶೈಲಶ್ರೀ ಭಾನುವಾರ ಸಂಜೆ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದಳು. ಎದುರಿಗೆ ಕಾಣುವುದನ್ನು ಬಿಡಿಸಿ ಎಂದರೆ ಎಲ್ಲರೂ ಹಾಳೆಯ ಮೇಲಂಚಿಗೆ ಒಂದು ನೀಲಿ ಪಟ್ಟಿ ಬಳಿದು, ಕೆಳಗೆ ಕಟ್ಟಡ, ಬಂಡೆ ಬಿಡಿಸಿ, ನಡುವೆ ಬಿಳಿ ಬಿಟ್ಟುಬಿಡುತ್ತಿದ್ದರು. ಆ ಬಿಳಿ ಏನೆಂದು ಒಂದು ದಿನ ವರ್ಷಾಳನ್ನು ಕೇಳಿದಳು. ವರ್ಷಾ ಮೂರನೇ ಕ್ಲಾಸಿನವಳು. ರಾಯಚೂರು ಕಡೆಯ ಚನ್ನಬಸಪ್ಪನ ಮಗಳು.

“ಅಲ್ಲೇನೂ ಇಲ್ರಿ ಆಂಟಿ. ಆಕಾಶ ಮ್ಯಾಲೆ ಐತಿ, ನಾವು ಕೆಳಗ ಅದೀವಿ.”

ತಪ್ಪು ಎನ್ನಲು ಶೈಲಶ್ರೀಗೆ ಮನಸ್ಸಾಗಲಿಲ್ಲ. ಆಕಾಶ ಎಲ್ಲಿಯವರೆಗೆ ಇಳಿದಿದೆ, ನೋಡಿಕೊಂಡು ಬಂದು ಹೇಳು ಎಂದಳು.

ವರ್ಷಾ ಅದನ್ನೇ ಹಿಡಿದು ಕೂತಳು. ಟೆರೇಸಿನಿಂದ ನೋಡಿದರೆ ಆಕಾಶ ಬೇಗಂಪೇಟೆಯ ದಿಕ್ಕಿನಲ್ಲಿ ನೆಲ ಮುಟ್ಟಿದಂತಿತ್ತು. ಆ ಶನಿವಾರ ಊರಿನ ಇನ್ನೊಂದು ತುದಿಯ ಉಪ್ಪಲ್‌ನಲ್ಲಿರುವ ಸೋದರತ್ತೆಯ ಮನೆಗೆ ಅಪ್ಪನ ಜೊತೆ ಮೆಟ್ರೋದಲ್ಲಿ ಹೊರಟಾಗ ಕಿಟಕಿ ಬಿಟ್ಟು ಕದಲಲಿಲ್ಲ. ಬೇಗಂಪೇಟೆ ಬಂದರೆ ಆಕಾಶ ಇನ್ನೂ ಮುಂದೆ ಇಳಿದಿತ್ತು. ಉಪ್ಪಲ್‌ನಲ್ಲಿಯೂ ಅದು ಮುಂದಕ್ಕೆ ಸರಿದಿತ್ತು. ಇನ್ನೂ ಹೋಗೋಣವೆಂದು ಅವಳು ಅಪ್ಪನ ಕೈ ಜಗ್ಗಿದಳು. ಚನ್ನಬಸಪ್ಪ ನಗುತ್ತ ಅವಳನ್ನು ಹಿಂದಕ್ಕೆ ತಿರುಗಿಸಿ, ಮಿಯಾಪುರ ಆ ಕಡೆ ಎಂದು ಕೈ ಮಾಡಿ ತೋರಿಸಿದ. ಅಲ್ಲಿಯೂ ಮಸುಕು ಆಕಾಶ ನೆಲಕ್ಕೆ ತಾಗಿತ್ತು. ವರ್ಷಾ ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಟ್ಟಳು.

ಮರುದಿನ ಎಲ್ಲರಿಗಿಂತ ಮೊದಲೇ ಟೆರೇಸಿಗೆ ಬಂದಳು. “ಆಂಟಿ, ಉಪ್ಪಲ್‌ನಿಂದ ನೋಡಿದ್ರ ನಮ್ಮ ಮನೀನ ಆಕಾಶದಾಗ ಐತ್ರಿ. ನಾವೆಲ್ಲಾ ಅದರೊಳಗ ಕುಂತೀವಿ.”

ಹಾಗಿದ್ದರೆ ನನ್ನ ಕೈ ಯಾಕೆ ನೀಲಿ ಇಲ್ಲ ಎಂದು ಅವಳ ಹಿಂದೆಯೇ ಬಂದ ಪಕ್ಕದ ಮನೆಯ ಸುಮಂತ ಕೇಳಿದ. ಶೈಲಶ್ರೀ ದೂರದ ಇಟ್ಟಿಗೆ ಕಟ್ಟಡ ತೋರಿಸಿ ಅದರ ಬಣ್ಣ ಕೇಳಿದಳು. ಕೆಂಪು ಎಂದ ಸುಮಂತ. ಅದು ಅವನ ಶಾಲೆಯೇ. ಗೊತ್ತಿರುವುದನ್ನಲ್ಲ, ಇಲ್ಲಿಂದ ಕಣ್ಣಿಗೆ ಕಾಣುವುದನ್ನು ಹೇಳು ಎಂದಾಗ ಬಹಳ ಹೊತ್ತು ದಿಟ್ಟಿಸಿದ.

“ಒಂಚೂರು ನೀಲಿ ಕಾಣಾಕತ್ತೈತ್ರಿ,” ಎಂದ, ತನಗೇ ನಂಬಿಕೆಯಿಲ್ಲದವನಂತೆ.

ದೂರದ ವಸ್ತುಗಳಿಗೆ ನೀಲಿ ಬೆರೆಸಬೇಕೆಂದು ಶೈಲಶ್ರೀ ತನ್ನ ಮೇಷ್ಟ್ರಿಂದ ಕಲಿತಿದ್ದಳು; ಯಾಕೆಂದು ಕೇಳಿರಲಿಲ್ಲ. ಕೈ ಹತ್ತಿರವಿದೆ, ಶಾಲೆ ದೂರವಿದೆ, ನಡುವೆ ಇರುವ ಅಷ್ಟೂ ಗಾಳಿಯೇ ಅಲ್ಲಿ ನೀಲಿಯಾಗಿ ಕಾಣುತ್ತಿದೆ ಎಂದು ಹೇಳುವಾಗ ಅವಳಿಗೂ ಹೊಸದಾಗಿ ಕಂಡಂತಾಯಿತು.

ಅಂದು ವರ್ಷಾ ಹಾಳೆಯಲ್ಲಿ ಬಿಳಿ ಬಿಡಲಿಲ್ಲ. ತೆಳು ಬಣ್ಣವನ್ನು ಬಂಡೆಗಳ ಮೇಲೂ ಎಳೆದಳು. ನೀಲಿ ಶುರುವಾಗುವುದು ನೀರಿನ ಟ್ಯಾಂಕಿನಿಂದಲೋ, ಅದರಾಚೆಯ ಬೇವಿನ ಮರದಿಂದಲೋ ಎಂದು ಅವಳಿಗೂ ಸುಮಂತನಿಗೂ ಜಗಳ ಹತ್ತಿತು.