ಬಾಣಂತಿಯ ಥಂಡಿ

"ರಮಾಗ ಥಂಡಿ ಆಗ್ಯಾದ, ಬ್ಯಾರೆ ಏನಿಲ್ಲ" ಎಂದು ಅವ್ವ ಫೋನಿನಲ್ಲಿ ಅಂದಾಗಲೇ ನನ್ನ ಜೀವ ನಿಲ್ಲಲಿಲ್ಲ. ಕಲಬುರಗಿ ಸೀಮೆಯಲ್ಲಿ, ಅದೂ ಏಪ್ರಿಲ್‌ನಲ್ಲಿ, ಯಾರಿಗೆ ಥಂಡಿಯಾಗುತ್ತದೆ? ತಂಗಿ ರಮಾಬಾಯಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿ ವಾರವಾಗಿತ್ತು. ಜ್ವರ, ನಡುಕ, ಏದುಸಿರು, ಗಾಯದಲ್ಲಿ ಕೀವು, ಏನು ಕಂಡರೂ ಕೂಡಲೇ ಕರೆತನ್ನಿ ಎಂದು ಹೇಳಿಯೇ ನರ್ಸ್ ಮನೆಗೆ ಕಳಿಸಿದ್ದಳು. ಅವ್ವ ತಲೆಯಾಡಿಸಿ ಮಗಳನ್ನೂ ಕೂಸನ್ನೂ ಕಮಲಾಪುರಕ್ಕೆ ಒಯ್ದಿದ್ದಳು. ಅವ್ವ ತಲೆಯಾಡಿಸಿದಳೆಂದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳೆಂದೇ ಅರ್ಥ.

ಕಲಬುರಗಿಯ ಗಾಜಿಪುರದಲ್ಲಿದ್ದ ನನ್ನ ಮನೆಗೆ ಬೀಗ ಹಾಕಿ ಕಮಲಾಪುರದ ಬಸ್ ಹತ್ತಿದೆ. ಕೈ ಮಾಡಿದವರಿಗೆಲ್ಲ ಬಸ್ಸು ನಿಲ್ಲುತ್ತಿತ್ತು. ಕಂಡಕ್ಟರ್ ಜೊತೆ ಜಗಳ ತೆಗೆದೆ. ಪಕ್ಕದ ಹೆಂಗಸು, "ಒಲಿ ಮ್ಯಾಲ ಹಾಲಿಟ್ಟು ಬಂದಿಯೇನವ್ವ?" ಎಂದು ನಕ್ಕಳು. ಅವಳ ಮೇಲೂ ಹರಿಹಾಯ್ದೆ.

ಅವ್ವನ ಮನೆಯ ಒಳಕೋಣೆಯ ಕಿಟಕಿಗೆ ಕೌದಿ ಕಟ್ಟಿತ್ತು, ಮಂಚದ ಕೆಳಗೆ ಕೆಂಡವಿತ್ತು. ನಮ್ಮಲ್ಲಿ ಬಾಣಂತಿಯನ್ನು ಕಾಯಿಸುವುದು ಹೀಗೆ. ಅಂಥ ಕೋಣೆಯಲ್ಲಿ ಯಾರನ್ನು ಮುಟ್ಟಿದರೂ ಬಿಸಿಯೇ. ಕೆಂಡದ ಕಾವು ಯಾವುದು, ಜ್ವರ ಯಾವುದು, ಯಾರಿಗೆ ಗೊತ್ತಾಗಬೇಕು? ಆದರೆ ರಮಾಳ ಕೈಕಾಲು ತಣ್ಣಗಿದ್ದವು.

"ನಿನ್ನಿ ಬೆವತಿದ್ಳು, ಕಾವು ಛಲೋ ಹತ್ಯಾದ ಅಂದೆ," ಎಂದಳು ಅವ್ವ. "ಇವತ್ತ ತಣ್ಣಗಾಗ್ಯಾಳ. ಅದಕ್ಕ ಇನ್ನೊಂದೀಟು ಕೆಂಡ ಹಾಕೀನಿ."

ಮಲಗಿದಲ್ಲೇ ರಮಾ ಓಡಿ ಬಂದವಳ ಹಾಗೆ ತೇಕುತ್ತಿದ್ದಳು. "ರಮಾ" ಎಂದು ಕರೆದೆ. ನನ್ನನ್ನೇ ನೋಡಿ, "ಯಾರ್ರೀ ನೀವು?" ಅಂದಳು. ಹುಟ್ಟಿದಾಗಿನಿಂದ ನನಗೆ "ರೀ" ಅಂದವಳಲ್ಲ. ಬೆಳಗಿನಿಂದ ಒಂದಕ್ಕೂ ಹೋಗಿರಲಿಲ್ಲವಂತೆ. ಸೆರಗು ಸರಿಸಿದರೆ ಗಾಯದ ಸುತ್ತ ಕೆಂಪಗೆ ಉಬ್ಬಿ, ಅವ್ವ ಉದುರಿಸಿದ್ದ ಅರಿಶಿಣದ ಅಡಿಯಿಂದ ಕೀವು ಒಸರುತ್ತಿತ್ತು.

ಎಬ್ಬಿಸಲು ಹೋದರೆ ಅವ್ವ ಅಡ್ಡ ಬಂದಳು. "ಹಸಿ ಬಾಣಂತಿನ ಗಾಳಿಗಿ ಒಯ್ತಿಯೇನು? ಸನ್ನಿ ಹಿಡೀತದ!"

"ಹಿಡದದ ಬೇ ಅವ್ವ! ಅಕ್ಕನ ಗುರ್ತೇ ಸಿಗವಲ್ದು ಆಕೀಗಿ!"

ಫೋನ್ ಮಾಡಿದರೆ ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು, ಬರುವುದು ತಡ ಅಂದರು. ನಿಲ್ಲಲಾಗದೆ ಬೀದಿಗೆ ಓಡಿದೆ. ಪಕ್ಕದ ಮನೆಯ ಇಮಾಮುದ್ದೀನ್ ಕಾಕಾ ಕೆಂಪು ಬಾಳೆಯ ಗೊನೆಗಳನ್ನು ಗಾಡಿಗೆ ಹೇರುತ್ತಿದ್ದ. ನನ್ನ ಮುಖ ನೋಡಿದವನೇ, "ಮುಂದ ಕುಂಡ್ರಿಸು ಬೇಟಿ, ಜಲ್ದಿ" ಅಂದ. ಅವನ ಹೆಂಡತಿ ಅಕ್ಬರಿ ಬೇಗಂ ಕೂಸನ್ನು ತನ್ನ ಮನೆಗೆ ಎತ್ತಿಕೊಂಡು ಹೋದಳು. ಅವ್ವ ಹಿಂದೆ ಗೊನೆಗಳ ನಡುವೆ ಹತ್ತಿ ಕೂತಳು.

ದಾರಿಯುದ್ದಕ್ಕೂ ರಮಾಳ ಕೆನ್ನೆ ತಟ್ಟುತ್ತಲೇ ಇದ್ದೆ. "ಮಾತಾಡು, ಏನಾರ ಮಾತಾಡು." ಅವಳು ಯಾವುದೋ ಬಸ್ ತಪ್ಪಿತೆಂದು ತೊದಲಿದಳು, ಆಮೇಲೆ ಅದೂ ಇಲ್ಲ. ಲಾರಿಯೊಂದು ದಾರಿ ಬಿಡಲಿಲ್ಲ. ಕಾಕಾ ಹಾರ್ನ್ ಒತ್ತಿದ, ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದೆ. ನನ್ನ ತಂಗಿ ಸಾಯುತ್ತಾಳೆ ಎಂದು ಆಗ ಅನ್ನಿಸಿತು.

ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರ್ ನೋಡಿದ ಕೂಡಲೇ ಸಲೈನ್ ಹಚ್ಚಿಸಿದರು, ರಕ್ತ ತೆಗೆಸಿದರು, ಔಷಧದ ಮೇಲೆ ಔಷಧ ಏರಿಸಿದರು. "ಗಾಯದ ನಂಜು ರಕ್ತಕ್ಕೆ ಸೇರಿದೆ. ಜ್ವರ ಯಾವಾಗಿಂದ?" ಎಂದು ಕೇಳಿದರು.

ಅವ್ವನ ಕಡೆ ನೋಡಿದೆ. ಅವಳಿಗೆ ಗೊತ್ತಿರಲಿಲ್ಲ.

ರಮಾಳನ್ನು ಐಸಿಯುಗೆ ಒಯ್ದ ಮೇಲೆ ನನ್ನ ನಾಲಿಗೆಗೆ ಲಗಾಮು ಉಳಿಯಲಿಲ್ಲ. "ಆಕೀಗಿ ಏನಾರ ಆದ್ರ ನಿನ್ನ ಮಾರಿ ನೋಡಂಗಿಲ್ಲ," ಅಂದೆ. ಎಲ್ಲದಕ್ಕೂ ಎದುರಾಡುವ ಬಂಡೆಮ್ಮ, ನನ್ನ ಅವ್ವ, ಹೊರಗಿನ ಗೋಡೆಗೊರಗಿ ಕೂತುಬಿಟ್ಟಳು. ಡಾಕ್ಟರು ಒಳಗೆ ಕರೆದಾಗಲೂ ಏಳಲಿಲ್ಲ, ಮರುದಿನವೂ ಏಳಲಿಲ್ಲ.

ಅದರಾಚೆಯ ಬೆಳಿಗ್ಗೆ ರಮಾ ಕಣ್ಣು ತೆರೆದು, "ಯಕ್ಕಾ" ಅಂದಳು. ನಾನು ಅತ್ತೆ. "ಅವ್ವ ಎಲ್ಲಿ?" ಅಂದಳು.

ಹೊರಗೆ ಬಂದೆ. "ಬೈತಾಳೇನು?" ಎಂದು ಕೇಳಿದಳು ಅವ್ವ.

"ಬಾ ಅಂದಾಳ."

ನರ್ಸ್ ಹೇಳಿದಂತೆ ಅವ್ವ ಸೋಪು ಹಚ್ಚಿ, ಕೈಗಳನ್ನು ಮೊಣಕೈವರೆಗೂ ತಿಕ್ಕಿ ತಿಕ್ಕಿ ತೊಳೆದಳು. ಒಳಗೆ ಬಂದವಳು ಕೈ ಹಿಂದೆ ಕಟ್ಟಿಕೊಂಡು ಮಂಚದಿಂದ ದೂರವೇ ನಿಂತಳು.

"ಮುಟ್ಟು ಬೇ," ಎಂದಳು ರಮಾ. "ಜ್ವರ ಅದೇನು ನೋಡು."

ಅವ್ವ ಹಣೆಯ ಮೇಲೆ ಅಂಗೈ ಇಟ್ಟಳು. ತುಂಬ ಹೊತ್ತು ತೆಗೆಯಲಿಲ್ಲ. ಕೊನೆಗೆ ಥರ್ಮಾಮೀಟರ್ ಹಿಡಿದು ನಿಂತಿದ್ದ ನರ್ಸ್ ಕಡೆ ತಿರುಗಿ, "ನನಗ ತಿಳಿಯಾಂಗಿಲ್ಲ ತಂಗಿ," ಅಂದಳು. "ನೀವೇ ಅಳದ ನೋಡ್ರೀ."