ಒಣಗಬಾರದ ಪುಡಿ

"ಈ ಗಾಳಿ ಯಾರು ಕುಡೀಲಿಕ್ಕತ್ತಾರ?"

ಕಟ್ಟಿ ಮಾಸ್ತರರು ಹೀಗೆ ಕೇಳಿದಾಗ ಧಾರವಾಡದ ಆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಾಜಿನ ಕೊಳವೆಯಲ್ಲಿ ತುಂಬಿದ್ದ ಹೈಡ್ರೋಜನ್ ಅನಿಲ ಸದ್ದಿಲ್ಲದೆ ಕಡಿಮೆಯಾಗುತ್ತಿತ್ತು. ಕುಡಿಯುತ್ತಿದ್ದದ್ದು ನಾನು. ಅದು ಅವರಿಗೂ ಗೊತ್ತಿತ್ತು. ಆದರೂ ಕೇಳಿದರು.

ನಾನು ಒಂದು ಚಿಟಿಕೆ ಪ್ಲಾಟಿನಂ ಆಕ್ಸೈಡ್. ಅದಕ್ಕೂ ಮೊದಲು ಮಾಸ್ತರರ ಹೆಂಡತಿ ಗೋದಾಬಾಯಿಯವರ ಉಂಗುರವಾಗಿದ್ದೆ. ಸಂಜೆ ಮಾಸ್ತರರು ದೇವರ ಕಥೆಯ ಷಟ್ಪದಿಗಳನ್ನು ರಾಗವಾಗಿ ಓದಿದರೆ, ಆಕೆ ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಆ ಬೆರಳಿನಲ್ಲಿದ್ದು ನಾನೂ ಕೇಳಿದೆ. ನನ್ನ ಭಕ್ತಿಯೆಲ್ಲ ಹಾಗೆ ಕೇಳಿ ಬಂದದ್ದು.

ಆಕೆ ತೀರಿಕೊಂಡ ಮೇಲೆ, ಕಾಲೇಜಿಗೆ ಪ್ಲಾಟಿನಂ ಸಿಗದಾದಾಗ, ಮಾಸ್ತರರು ನನ್ನನ್ನು ಆಮ್ಲದಲ್ಲಿ ಕರಗಿಸಿ, ಸೋಡಿಯಂ ನೈಟ್ರೇಟ್ ಉಪ್ಪಿನೊಡನೆ ಕಾಯಿಸಿ, ಕಂದು ಪುಡಿ ಮಾಡಿದರು. ಎಣ್ಣೆಯಲ್ಲಿ ಹಾಕಿ ಹೈಡ್ರೋಜನ್ ಬಿಟ್ಟರೆ ನಾನು ಕಪ್ಪಾಗುತ್ತೇನೆ. ಆ ಹೈಡ್ರೋಜನ್ ಹೀರಿ ಎಣ್ಣೆಗೆ ಕೂಡಿಸುತ್ತೇನೆ. ತೆಳ್ಳಗಿದ್ದ ಎಣ್ಣೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ನಾನು ಮಾತ್ರ ಖರ್ಚಾಗದೆ ಉಳಿಯುತ್ತೇನೆ. ಸೋಸಿದರೆ ಕಾಗದದ ಮೇಲೆ ಸಿಗುತ್ತೇನೆ.

ಆ ಕಾಗದ ಒಣಗಬಾರದು. ಒಣಗಿದರೆ ಕಡ್ಡಿ ಗೀರುವುದೇ ಬೇಡ, ಗಾಳಿ ತಾಗಿದರೆ ಸಾಕು, ಕೆಂಡವಾಗುತ್ತೇನೆ. ಒಮ್ಮೆ ಮಾಸ್ತರರು ಮರೆತರು. ಕಾಗದದ ನಡುವೆ ಕೆಂಪು ಚುಕ್ಕೆ ಮೂಡಿ, ಉಸಿರಾಡಿದಂತೆ ಹೆಚ್ಚಿತು, ಕುಗ್ಗಿತು. ಅವರು ನೀರು ಹಾಕಲಿಲ್ಲ. "ಗೋದಾ" ಎಂದು ಕರೆದರು.

ಮುಂದೆ ಬೇಕೆಂದೇ ಒಣಗಿಸಿದರು. ಕೆಂಡದ ಮುಂದೆ ಕೂತು ಷಟ್ಪದಿ ಓದಿದರು. ನಾನು ಅದರ ತಾಳಕ್ಕೆ ಮಿನುಗಿದೆನೋ, ಸುಮ್ಮನೆ ಆರುತ್ತಿದ್ದೆನೋ, ಹೇಳಲಾರೆ. ಆಕೆ ನನ್ನೊಳಗಿದ್ದರೋ ಇಲ್ಲವೋ ನನಗೂ ತಿಳಿಯದು.

ಒಂದು ದಿನ ಪಕ್ಕದ ಸ್ಪಿರಿಟ್ಟಿಗೆ ಬೆಂಕಿ ಹತ್ತಿ ಅವರ ಬಲಗೈ ಮಣಿಕಟ್ಟಿನವರೆಗೆ ಸುಟ್ಟಿತು. ಅಂದಿನಿಂದ, ಅದೇ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ವಾರಿಜಾ ಸೋಸುವ ಕೆಲಸ ತಾನೇ ಹಿಡಿದಳು. ಇನ್ನೊಮ್ಮೆ ಹೀಗಾದರೆ ನಿಮ್ಮನ್ನೇ ಕಾಗದದಿಂದ ಕೆರೆದು ತೆಗೆಯಬೇಕಾದೀತು ಎಂದು ಅಪ್ಪನನ್ನು ಗದರಿಸಿದಳು. ಅವರು ನಕ್ಕರು. ಅವಳು ನಗಲಿಲ್ಲ.

ಈಗ ನನಗೆ ಮುಪ್ಪು. ಸೋಸಿದಾಗಲೆಲ್ಲ ಅಷ್ಟಿಷ್ಟು ಕಾಗದಕ್ಕೆ ಅಂಟಿ ಹೋಗಿ, ಉಗುರಿನ ಸಂದಿಯಲ್ಲಿ ಹಿಡಿಯುವಷ್ಟು ಉಳಿದಿದ್ದೇನೆ. ಇವತ್ತು ಕಾಗದದ ತೇವ ಇಳಿಯುತ್ತಿರುವಾಗ, ಬಟ್ಟೆ ಸುತ್ತಿದ ಕೈ ಚಾಚಿ ಮಾಸ್ತರರು ಮಗಳ ನೀರಿನ ಬಾಟಲಿಯನ್ನು ತಡೆದರು.

"ಒಮ್ಮೆ ಒಣಗಲಿ ಬಿಡು, ವಾರಿಜಾ. ನಿಮ್ಮವ್ವ ಬರೂ ಹೊತ್ತಾತು."

ಅವಳು ಬಗ್ಗಿ ನನ್ನನ್ನು ಬಹಳ ಹೊತ್ತು ನೋಡಿದಳು. ನನ್ನ ಅಂಚು ಆಗಲೇ ಬೆಚ್ಚಗಾಗಿತ್ತು. ಅವಳ ತುಟಿ ಯಾರನ್ನೋ ಕರೆಯುವಂತೆ ಅಲುಗಿ ನಿಂತಿತು. ಆಮೇಲೆ ಅಪ್ಪನ ಕೈ ಸರಿಸಿ, ನೀರು ಸುರಿಯುತ್ತಲೇ ಅಂದಳು:

"ಇಲ್ಲ ಅಪ್ಪಾ. ಒಣಗಲಿಕ್ಕೆ ನಾ ಬಿಡೂದಿಲ್ಲ."