ಮುರುಗೇಶಪ್ಪನವರ ದವಡೆ

ಬಿ.ಎ. ಮುಗಿಸಿದ ವರ್ಷವೇ, ಎಪ್ಪತ್ತೇಳರಲ್ಲಿ, ನನ್ನ ತಲೆಯೊಳಗೆ ಯಾರ್ಯಾರೋ ಕೂತು ಬೈಯತೊಡಗಿದರು. ಚನ್ನಗಿರಿಯ ಡಾಕ್ಟರು ಮೂರು ವಾರಕ್ಕೊಂದು ಸೂಜಿ ಹಾಕಿದರು. ತಲೆಯೊಳಗಿನ ದನಿಗಳು ಜಾಗ ಖಾಲಿ ಮಾಡಿದವು. ಊರವರ ದನಿಗಳು ಮಾತ್ರ ಗಂಟಲಲ್ಲಿ ಉಳಿದವು. ಸಂತೇಬೆನ್ನೂರಿನಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ.

ಏಳು ವರ್ಷವಾದ ಮೇಲೆ ನನ್ನ ದವಡೆ ತಾನೇ ತಾನಾಗಿ ಮೆಲ್ಲತೊಡಗಿತು. ಬಾಯಲ್ಲಿ ಏನೂ ಇರುತ್ತಿರಲಿಲ್ಲ.

"ಸೂಜಿಯಿಂದಾನೇ ಇದು," ಎಂದರು ಡಾಕ್ಟರು. "ಬಿಟ್ರೆ ದನಿ ವಾಪಸು ಬರಬಹುದು. ಯಾವುದು ಬೇಕು ನೋಡಪ್ಪ."

ಅಂಗಡಿ ಕಟ್ಟೆಯವರಿಗೆ ಅದೂ ಅಣಕವೇ. "ಯಾರ್ನಲೇ ಮಾಡ್ತಿದೀಯ? ಪಾಪಣ್ಣನ ಎಮ್ಮೇನಾ?"

"ಎಮ್ಮೆ ಅಲ್ಲಲೇ, ನಿಮ್ಮಪ್ಪ!" ಎನ್ನುತ್ತಿದ್ದೆ. ಕಾಯಿಲೆ ಎನ್ನುವುದಕ್ಕಿಂತ ಅದು ಸಲೀಸು.

ಎಂಬತ್ತೈದರಲ್ಲಿ ತಂಗಿ ರುದ್ರಾಣಿಯನ್ನು ನೋಡಲು ಜಗಳೂರಿನಿಂದ ಗಂಡಿನ ತಂದೆ ಮುರುಗೇಶಪ್ಪನವರು ಮಗನೊಂದಿಗೆ ಬಂದರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದರು. ಅವಳಿಗೆ ಆಗಲೇ ಇಪ್ಪತ್ತಾರು. ನನ್ನ ಕಾಯಿಲೆಯ ಸುದ್ದಿಗೆ ಮೂರು ಸಂಬಂಧ ಮುರಿದಿದ್ದವು. ಜಗಳೂರಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮುಟ್ಟದಿರಲೆಂದೇ ಅವ್ವ ನನ್ನನ್ನು ಹಿತ್ತಲಲ್ಲಿ ಕೂರಿಸಿದ್ದಳು.

ಕೈ ತೊಳೆಯಲು ಹಿತ್ತಲಿಗೆ ಬಂದ ಮುರುಗೇಶಪ್ಪನವರು ನನ್ನನ್ನು ಕಂಡು ನಿಂತುಬಿಟ್ಟರು. ಅವರಿಗೆ ಹಲ್ಲಿರಲಿಲ್ಲ. ಅಡಿಕೆಪುಡಿಯನ್ನು ಒಸಡಿನಲ್ಲೇ ಮೆಲ್ಲುತ್ತಿದ್ದರು. ನನ್ನ ದವಡೆಯೂ ಥೇಟ್ ಹಾಗೇ ಆಡುತ್ತಿತ್ತು.

"ನನ್ನನ್ನೇ ಅಣಕಿಸ್ತೀಯೇನೋ?"

ಅವ್ವ ಓಡಿ ಬಂದಳು. "ಅವನು ಹಂಗಲ್ಲರೀ, ಯಜಮಾನ್ರೇ, ಅವನಿಗೆ..."

ಬಾಗಿಲಲ್ಲಿ ನಿಂತ ರುದ್ರಾಣಿ ಬೇಡವೆಂದು ತಲೆಯಾಡಿಸಿದಳು. ಅವ್ವನ ಮಾತು ಅಲ್ಲೇ ನಿಂತಿತು.

"ತಪ್ಪಾತ್ರೀ," ಎಂದೆ ನಾನು. "ಅಣಕಿಸೋದು ನನ್ನ ಹಾಳು ಚಾಳಿ. ಕಾಲೇಜಲ್ಲಿ ಅಂಟಿದ್ದು." ನಂಬಲೆಂದು, ಆಗಲೇ ಒಳಗಿನಿಂದ ಕೇಳಿಸಿದ್ದ ಮಾತನ್ನು ಅವರದೇ ಬೊಚ್ಚು ದನಿಯಲ್ಲಿ ತೆಗೆದೆ: "'ಹುಡುಗಿ ಲಕ್ಷಣವಾಗೈತೆ ಕಣಮ್ಮ. ಮಂಡಕ್ಕಿ ಒಂದೀಟು ಖಾರ ಆತು!'"

ಮುರುಗೇಶಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎಲಾ ಇವ್ನ! ಬೀಗರ ಮನೇಲಿ ನಾಟಕದ ಕಂಪ್ನೀನೇ ಐತಲ್ಲ!"

ಬೀಗರು ಎಂದರು! ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ಸಾಕು ಮಾರಾಯ, ನಿಲ್ಸು ಇನ್ನ," ಎಂದರು ಅವರು, ಇನ್ನೂ ನಗುತ್ತಲೇ.

ನಾನು ಗದ್ದಕ್ಕೆ ಕೈ ಕೊಟ್ಟು ಒತ್ತಿ ಹಿಡಿದೆ. ದವಡೆ ಕೈಯನ್ನೂ ಸೇರಿಸಿಕೊಂಡು ಅಲ್ಲಾಡಿತು.

"ನಿಲ್ಸು ಅಂದ್ನಲ್ಲೋ."

ನಾಲಿಗೆ ಹೊರಗೆ ಇಣುಕಿ ಒಳಗೆ ಹೋಯಿತು.

ಮುರುಗೇಶಪ್ಪನವರ ನಗೆ ಇಳಿಯಿತು. ನನ್ನನ್ನು ನೋಡಿದರು, ಅವ್ವನನ್ನು ನೋಡಿದರು. ಕೈ ತೊಳೆಯದೆ ಒಳಗೆ ನಡೆದು, "ಏಳಪ್ಪ, ಬಸ್ಸಿಗೆ ಹೊತ್ತಾತು," ಎಂದು ಮಗನನ್ನು ಕರೆದರು.

ರುದ್ರಾಣಿ ಬಾಗಿಲಲ್ಲೇ ನಿಂತು ಮುಡಿಯ ಹೂವು ತೆಗೆದಳು.